ಕಾಫಿ ಎಚ್‌ಪಿಎಲ್‌ಸಿ ಕೈಕೊಟ್ಟಾಗ: ಮೊದಲು ಕೆಫೀನ್ ಮಾತು ಕೇಳಿ

ಸೋಮವಾರ ಹಸಿರು, ಅಂದರೆ ಹುರಿಯದ ಕಾಫಿ ಬೀಜದ ಸ್ಯಾಂಪಲ್ ಎಚ್‌ಪಿಎಲ್‌ಸಿಯಲ್ಲಿ (ದ್ರಾವಣವನ್ನು ಕಾಲಮ್ ಎಂಬ ಕೊಳವೆಯಲ್ಲಿ ಹರಿಸಿ, ಅದರಲ್ಲಿರುವ ವಸ್ತುಗಳನ್ನು ಬೇರೆ ಮಾಡಿ ಅಳೆಯುವ ಯಂತ್ರ) ಓಡಿಸಿದ್ದೆ. ಕ್ಲೋರೋಜೆನಿಕ್ ಆಮ್ಲದ ಅಂಕಿ ನಂಬುವಂತಿತ್ತು. ಗುರುವಾರ ಅದೇ ಪುಡಿ, ಅದೇ ಕಾಲಮ್, ಅದೇ ವಿಧಾನ. ಅಂಕಿ ಮಾತ್ರ ಸಿಕ್ಕಾಪಟ್ಟೆ ಮೇಲೆ ಹೋಗಿತ್ತು. ಮೊದಲು ಕಾಲಮ್ ಮೇಲೆ ಅನುಮಾನ ಬಂತು, ತೊಳೆದೆ. ಆಮೇಲೆ ಅದರ ಮುಂದೆ ಕೊಳೆ ತಡೆಯಲು ಹಾಕುವ ಗಾರ್ಡ್ ಕಾಲಮ್ ಬದಲಿಸಿದೆ. ಪಂಪ್ ಕೂಡ ಬಿಚ್ಚಿದೆ. ಎರಡು ದಿನ ಹೀಗೇ ಹೋಯಿತು. ಕೊನೆಗೆ ನೋಡಿದರೆ ತಪ್ಪು ಇದ್ದದ್ದು ಸ್ಟ್ಯಾಂಡರ್ಡ್ (ಹೋಲಿಕೆಗೆ ಬಳಸುವ, ಪ್ರಮಾಣ ಗೊತ್ತಿರುವ ದ್ರಾವಣ) ಬಾಟಲಿಯಲ್ಲಿ. ಬೇರೆ ಪ್ರಯೋಗಕ್ಕೆಂದು ಪಿಎಚ್ 7ರ ಬಫರ್‌ನಲ್ಲಿ ಕರಗಿಸಿ ಕಿಟಕಿ ಪಕ್ಕ ಬಿಟ್ಟಿದ್ದ ದ್ರಾವಣವನ್ನೇ ನಾನು ಸ್ಟ್ಯಾಂಡರ್ಡ್ ಅಂತ ಹಾಕಿದ್ದೆ. ಅದರೊಳಗಿನ ಆಮ್ಲ ಅಷ್ಟರಲ್ಲಿ ಅರ್ಧಂಬರ್ಧ ಬೇರೆ ರೂಪಕ್ಕೆ ತಿರುಗಿತ್ತು. ಸ್ಟ್ಯಾಂಡರ್ಡ್‌ನ ಪೀಕ್ (ಗ್ರಾಫ್‌ನಲ್ಲಿ ಒಂದು ವಸ್ತುವಿಗೆ ಏಳುವ ಗುಡ್ಡ) ಕುಗ್ಗಿದರೆ ಸ್ಯಾಂಪಲ್‌ನ ಲೆಕ್ಕ ಉಬ್ಬುತ್ತದೆ, ಅಷ್ಟೇ ಕಥೆ.

ಉತ್ತರ ಮೊದಲ ದಿನವೇ ಸ್ಕ್ರೀನ್ ಮೇಲೆ ಇತ್ತು ಅನ್ನೋದೇ ಬೇಜಾರು. ಕೆಫೀನ್ ಸೋಮವಾರ ಎಷ್ಟಿತ್ತೋ ಗುರುವಾರವೂ ಅಷ್ಟೇ ಇತ್ತು. ಅಂದರೆ ಪಂಪ್, ಇಂಜೆಕ್ಟರ್, ತೂಕ, ಕಾಲಮ್ ಎಲ್ಲ ಸರಿ ಇದ್ದವು. ನಾನು ಆ ಕಡೆ ತಿರುಗಿಯೂ ನೋಡಲಿಲ್ಲ.

ಅಂದಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಏನೇ ಕೆಟ್ಟರೂ ಸ್ಪ್ಯಾನರ್ ಹಿಡಿಯುವ ಮೊದಲು ಕೆಫೀನ್ ಪೀಕ್ ಏನಾಗಿದೆ ಅಂತ ನೋಡುವುದು. ಈ ಬರಹದ ತುಂಬಾ ಅದೇ ಇದೆ.

ಕೆಫೀನ್ ಯಾಕೆ ಒಳ್ಳೆಯ ಸಾಕ್ಷಿ

ಕೆಳಗೆ ಹೇಳುವುದೆಲ್ಲ ಸಾಮಾನ್ಯ ಜೋಡಣೆಗೆ. ಸಿ18 (ಎಣ್ಣೆಯಂಥ ಇಂಗಾಲದ ಸರಪಳಿ ಅಂಟಿಸಿದ ಕಣಗಳ) ಕಾಲಮ್, 250 ಮಿಲಿಮೀಟರ್ ಉದ್ದ, 4.6 ಮಿಲಿಮೀಟರ್ ಒಳವ್ಯಾಸ. ಒಂದು ಕಡೆ 0.1% ಫಾರ್ಮಿಕ್ ಆಮ್ಲ ಬೆರೆಸಿದ ನೀರು, ಇನ್ನೊಂದು ಕಡೆ ಅಸಿಟೋನೈಟ್ರೈಲ್. ನಿಮಿಷಕ್ಕೆ 1 ಮಿಲಿಲೀಟರ್. ಡಿಟೆಕ್ಟರ್ 273 ಮತ್ತು 325 ನ್ಯಾನೋಮೀಟರ್‌ನಲ್ಲಿ. ಮೊದಲನೆಯದು ಕೆಫೀನ್‌ಗೆ, ಎರಡನೆಯದು ಕ್ಲೋರೋಜೆನಿಕ್ ಆಮ್ಲಗಳಿಗೆ.

ಕ್ಲೋರೋಜೆನಿಕ್ ಆಮ್ಲ ಅಂದರೆ ಒಂದೇ ವಸ್ತು ಅಲ್ಲ, ಒಂದು ಕುಟುಂಬ. ಅದರಲ್ಲಿ ಮುಖ್ಯವಾದವು ಮೂರು ಕೆಫಿಯೋಯಿಲ್‌ಕ್ವಿನಿಕ್ ಆಮ್ಲಗಳು: 3-ಸಿಕ್ಯೂಎ, 4-ಸಿಕ್ಯೂಎ, 5-ಸಿಕ್ಯೂಎ. ಮೂರಕ್ಕೂ ಅಣುತೂಕ ಒಂದೇ, 354.31. ಕೆಫಿಯೋಯಿಲ್ ಗುಂಪು ಎಲ್ಲಿ ಅಂಟಿಕೊಂಡಿದೆ ಅನ್ನುವುದಷ್ಟೇ ಬೇರೆ. ಇವು ತುಂಬಾ ನಾಜೂಕು. ಪಿಎಚ್ ಸ್ವಲ್ಪ ಏರಿದರೂ, ಬಿಸಿಯಾದರೂ, ಬೆಳಕು ಬಿದ್ದರೂ ಬದಲಾಗುತ್ತವೆ.

ಕೆಫೀನ್ ಹಾಗಲ್ಲ. ಪಿಎಚ್ 2 ಇರಲಿ, 8 ಇರಲಿ, ಅದು ಅಯಾನ್ ಆಗುವುದಿಲ್ಲ. ಹಾಗಾಗಿ ಪಿಎಚ್ ಬದಲಾದರೂ ಅದು ಬರುವ ಹೊತ್ತು ಬದಲಾಗುವುದಿಲ್ಲ. ಬಿಸಿನೀರಿಗೆ ಜಗ್ಗುವುದಿಲ್ಲ. ಬೀಜ ಹುರಿದರೂ ಹೆಚ್ಚಿನ ಪಾಲು ಹಾಗೇ ಉಳಿಯುತ್ತದೆ. ಒಂದೇ ವಯಲ್‌ನಲ್ಲಿ ಒಬ್ಬ ಗಟ್ಟಿಗ, ಒಬ್ಬ ನಾಜೂಕಿನವ. ಇಬ್ಬರಿಗೂ ಏಟು ಬಿದ್ದಿದ್ದರೆ ಅದು ಯಂತ್ರದ ತೊಂದರೆ. ನಾಜೂಕಿನವನಿಗೆ ಮಾತ್ರ ಬಿದ್ದಿದ್ದರೆ ರಸಾಯನದ ತೊಂದರೆ.

ಡಿಕಾಫ್ ಕಾಫಿ ಬಂದರೆ ಈ ಸಾಕ್ಷಿಯೇ ನಾಪತ್ತೆ. ಆಗ ಪುಡಿ ತೂಗಿದ ತಕ್ಷಣ, ಎಕ್ಸ್‌ಟ್ರಾಕ್ಷನ್‌ಗೂ ಮೊದಲು, ಗೊತ್ತಿರುವ ಪ್ರಮಾಣದ ಕೆಫೀನ್ ನೀವೇ ಹಾಕಿ. ಡಿಕಾಫ್‌ನಲ್ಲಿ ಅಳಿದುಳಿದ ಕೆಫೀನ್ ಸ್ವಲ್ಪ ಇರುತ್ತದೆ. ಹಾಗಾಗಿ ಏನೂ ಹಾಕದ ಒಂದು ಸ್ಯಾಂಪಲ್ ಕೂಡ ಪಕ್ಕದಲ್ಲಿ ಓಡಿಸಿ, ಅದನ್ನು ಕಳೆಯಬೇಕು.

ಪೀಕ್ ಬರುವ ಹೊತ್ತು ಜಾರಿದರೆ

ಇಲ್ಲಿ ಮೂರು ಜಾಗ ನೋಡಬೇಕು. ಒಂದು, ಯಾವುದಕ್ಕೂ ಅಂಟದೆ ಮೊದಲು ಹೊರಬರುವ ಡೆಡ್ ಟೈಮ್‌ನ ಸಣ್ಣ ಅಲುಗಾಟ. ಈ ಅಳತೆಯ ಕಾಲಮ್‌ಗೆ ಅದು ಸುಮಾರು 2.5 ನಿಮಿಷಕ್ಕೆ ಬರುತ್ತದೆ. ಎರಡು, ಕೆಫೀನ್. ಮೂರು, 5-ಸಿಕ್ಯೂಎ.

ಮೂರೂ ಒಂದೇ ಪ್ರಮಾಣದಲ್ಲಿ ತಡವಾಗಿದ್ದರೆ ಫ್ಲೋ ಕಮ್ಮಿಯಾಗಿದೆ. ಪಂಪ್‌ನ ಪರದೆ 1.0 ಅಂತ ತೋರಿಸುತ್ತಿದ್ದರೂ ನಂಬಬೇಡಿ. ಡಿಟೆಕ್ಟರ್‌ನಿಂದ ಹೊರಬರುವ ಟ್ಯೂಬನ್ನು 10 ಮಿಲಿಲೀಟರ್‌ನ ವಾಲ್ಯೂಮೆಟ್ರಿಕ್ ಫ್ಲಾಸ್ಕ್‌ಗೆ ಬಿಟ್ಟು ಸ್ಟಾಪ್‌ವಾಚ್ ಒತ್ತಿ. ಗೆರೆ ಮುಟ್ಟಲು 10 ನಿಮಿಷ ಬೇಕು. 10 ನಿಮಿಷ 40 ಸೆಕೆಂಡ್ ಆಯಿತು ಅಂದರೆ ಎಲ್ಲೋ ಸೋರುತ್ತಿದೆ, ಅಥವಾ ಚೆಕ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಪ್ರತಿ ಜೋಡಣೆಯ ಕೆಳಗೆ ಟಿಶ್ಯೂ ಹಿಡಿದು ನೋಡಿ. ಸೋರಿಕೆ ಇಲ್ಲದಿದ್ದರೆ ಚೆಕ್ ವಾಲ್ವ್ ತೆಗೆದು ಐಸೋಪ್ರೊಪನಾಲ್‌ನಲ್ಲಿ ಸಾನಿಕೇಟ್ ಮಾಡಿ.

ಡೆಡ್ ಟೈಮ್ ಅಲ್ಲೇ ಇದೆ, ಕೆಫೀನ್ ಮತ್ತು 5-ಸಿಕ್ಯೂಎ ಎರಡೂ ಸರಿದಿವೆ ಅಂದರೆ ಅಸಿಟೋನೈಟ್ರೈಲ್ ಪ್ರಮಾಣ ಅಥವಾ ಉಷ್ಣತೆ ಬದಲಾಗಿದೆ. ಅಸಿಟೋನೈಟ್ರೈಲ್ ಶೇಕಡಾ 1ರಷ್ಟು ಏರುಪೇರಾದರೂ ಹಿಡಿತದಲ್ಲಿ ಸುಮಾರು ಹತ್ತು ಪರ್ಸೆಂಟ್ ವ್ಯತ್ಯಾಸ ಬರುತ್ತದೆ. ಒಂದು ಡಿಗ್ರಿ ಉಷ್ಣತೆಗೆ ಒಂದೆರಡು ಪರ್ಸೆಂಟ್. ಮಧ್ಯಾಹ್ನದ ಪೀಕ್‌ಗಳು ಬೇಗ, ರಾತ್ರಿಯವು ತಡ ಅಂತಾದರೆ ಕಾಲಮ್ ಓವನ್ ಆನ್ ಆಗಿದೆಯಾ ನೋಡಿ. ನಗಬೇಡಿ, ಎಷ್ಟೋ ಸಲ ಅದೇ ಆಗಿರುತ್ತದೆ.

ಕೆಫೀನ್ ಕದಲಿಲ್ಲ, 5-ಸಿಕ್ಯೂಎ ಮಾತ್ರ ಬೇಗ ಬಂದು ಅಗಲವಾಗಿ ಹರಡಿಕೊಂಡಿದೆ ಅಂದರೆ ಬೇರೆಲ್ಲೂ ಹುಡುಕಬೇಡಿ. ಪಿಎಚ್ ಏರಿದೆ. ಕ್ಲೋರೋಜೆನಿಕ್ ಆಮ್ಲದ ಪಿಕೆಎ, ಅಂದರೆ ಅರ್ಧ ಪಾಲು ಅಯಾನ್ ಆಗುವ ಪಿಎಚ್, ಸುಮಾರು 3.5ರ ಆಸುಪಾಸು. 0.1% ಫಾರ್ಮಿಕ್ ಆಮ್ಲದ ನೀರು ಪಿಎಚ್ 2.7ರ ಹತ್ತಿರ ಇರುತ್ತದೆ. ಅಲ್ಲಿ ಆಮ್ಲದ ಹೆಚ್ಚು ಪಾಲು ಅಯಾನ್ ಆಗದೆ ಕಾಲಮ್‌ಗೆ ಅಂಟುತ್ತದೆ. ಪಿಎಚ್ ಮೇಲೇರಿದಷ್ಟೂ ಅಯಾನ್ ಆಗಿ, ಅಂಟದೆ ಜಾರಿಹೋಗುತ್ತದೆ. ಯಾರೋ ಬಾಟಲಿಗೆ ಹೊಸ ನೀರು ಸುರಿದು ಆಮ್ಲ ಹಾಕೋದು ಮರೆತಿರುತ್ತಾರೆ. ಹೊಸದಾಗಿ ಮಾಡಿಕೊಂಡರೆ ಸರಿಯಾಗುತ್ತದೆ. ಇದು ಪದೇ ಪದೇ ಕಾಡಿದರೆ ಫಾಸ್ಫಾರಿಕ್ ಆಮ್ಲಕ್ಕೆ ಹೋಗಿ. ಪಿಎಚ್ 2ರ ಹತ್ತಿರ ನಿಲ್ಲುವುದರಿಂದ ಪೀಕ್‌ಗಳು ಇನ್ನೂ ಗಟ್ಟಿಯಾಗಿ ಕೂರುತ್ತವೆ. ಆದರೆ ಮುಂದೆ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಜೋಡಿಸುವ ಯೋಚನೆ ಇದ್ದರೆ ಫಾಸ್ಫಾರಿಕ್ ಬೇಡ.

ದಿನದ ಮೊದಲ ಒಂದೆರಡು ಇಂಜೆಕ್ಷನ್ ಮಾತ್ರ ತಪ್ಪು, ಆಮೇಲೆಲ್ಲ ಸರಿ ಅನ್ನುವುದಾದರೆ ಕಾಲಮ್‌ಗೆ ಸುಧಾರಿಸಿಕೊಳ್ಳಲು ಸಮಯ ಸಾಕಾಗಿಲ್ಲ. ಗ್ರೇಡಿಯಂಟ್ (ಅಸಿಟೋನೈಟ್ರೈಲ್ ಪಾಲನ್ನು ಮೆಲ್ಲಗೆ ಏರಿಸುತ್ತಾ ಹೋಗುವುದು) ಮುಗಿದ ಮೇಲೆ ಕಾಲಮ್‌ನ ಹತ್ತು ಪಟ್ಟು ದ್ರಾವಣ, ಅಂದರೆ ಸುಮಾರು 25 ಮಿಲಿಲೀಟರ್ ಹರಿಯಲಿ. 25 ನಿಮಿಷ ಸುಮ್ನೆ ವೇಸ್ಟ್ ಅನಿಸುತ್ತದೆ. ಅಲ್ಲ.

ಪ್ರೆಷರ್ ಏರಿದರೆ

ಇದನ್ನು ಬೇಗ ಮುಗಿಸುತ್ತೇನೆ. ಇದು ಕಾಫಿಗೆ ಮಾತ್ರ ಬರುವ ಕಾಯಿಲೆ ಅಲ್ಲ. ಡಿಟೆಕ್ಟರ್ ಕಡೆಯಿಂದ ಶುರುಮಾಡಿ, ಒಂದೊಂದೇ ಜೋಡಣೆ ಬಿಚ್ಚುತ್ತಾ ಹಿಂದೆ ಬನ್ನಿ. ಯಾವುದನ್ನು ಬಿಚ್ಚಿದಾಗ ಪ್ರೆಷರ್ ದಢಕ್ಕನೆ ಬೀಳುತ್ತದೋ ಕಟ್ಟಿಕೊಂಡಿರುವುದು ಅದೇ. ಕಾಫಿಯಲ್ಲಿ ಬಹುಪಾಲು ಅದು ಗಾರ್ಡ್ ಕಾಲಮ್. ಹುರಿದ ಕಾಫಿಯ ಕಂದು ಮೆಲನಾಯ್ಡಿನ್‌ಗಳು ಮತ್ತು ಎಣ್ಣೆ ಅಂಶ ಅಲ್ಲೇ ಕೂರುತ್ತವೆ. ಪ್ರತಿ ಓಟದ ಕೊನೆಗೆ ಐದು ನಿಮಿಷ 90% ಅಸಿಟೋನೈಟ್ರೈಲ್ ಹರಿಸಿದರೆ ಅದರ ಆಯಸ್ಸು ಹೆಚ್ಚುತ್ತದೆ. ಫಾಸ್ಫೇಟ್ ಉಪ್ಪಿನ ಬಫರ್ ಬಳಸುವವರು ಮಾತ್ರ ನೇರವಾಗಿ ಹಾಗೆ ಮಾಡಬಾರದು. ಉಪ್ಪು ಅಸಿಟೋನೈಟ್ರೈಲ್‌ನಲ್ಲಿ ಕರಗದೆ ಒಳಗೇ ಹರಳುಗಟ್ಟುತ್ತದೆ. ಮೊದಲು ನೀರು ಜಾಸ್ತಿ ಇರುವ ಮಿಶ್ರಣದಲ್ಲಿ ತೊಳೆದು ಆಮೇಲೆ ಏರಿಸಿ.

ಪ್ರೆಷರ್ ಕುಣಿಯುತ್ತಿದ್ದರೆ, ಬೇಸ್‌ಲೈನ್ ಕೂಡ ಅದೇ ತಾಳಕ್ಕೆ ಕುಣಿಯುತ್ತಿದ್ದರೆ, ಪಂಪ್‌ನಲ್ಲಿ ಗಾಳಿಗುಳ್ಳೆ ಸೇರಿದೆ. ಪರ್ಜ್ ಮಾಡಿ.

ಪೀಕ್‌ನ ಆಕಾರ ಕೆಟ್ಟರೆ

ಪೀಕ್ ಎರಡಾಗಿ ಸೀಳಿದೆ ಅಂದ ಕೂಡಲೇ ಹೊಸ ಕಾಲಮ್ ಆರ್ಡರ್ ಮಾಡಬೇಡಿ. ಎಲ್ಲ ಪೀಕ್‌ಗಳೂ ಸೀಳಿವೆಯಾ, ಮೊದಲು ಬರುವವು ಮಾತ್ರವಾ? ಎಲ್ಲವೂ ಆದರೆ ಕಾಲಮ್‌ನ ಬಾಯಲ್ಲಿರುವ ಜರಡಿಯಂಥ ಫ್ರಿಟ್ ಅರ್ಧ ಕಟ್ಟಿದೆ, ಇಲ್ಲವೇ ಒಳಗೆ ಟೊಳ್ಳು ಬಿದ್ದಿದೆ. ಮೊದಲು ಬರುವ ಟ್ರೈಗೊನೆಲಿನ್ (ಕಾಫಿಯ ಇನ್ನೊಂದು ಆಲ್ಕಲಾಯ್ಡ್) ಮತ್ತು 3-ಸಿಕ್ಯೂಎ ಮಾತ್ರ ಕೆಟ್ಟಿವೆ, ಹಿಂದೆ ಬರುವ ಕೆಫೀನ್ ನೆಟ್ಟಗಿದೆ ಅಂದರೆ ಕಾಲಮ್ ತಪ್ಪಿಲ್ಲ. ನೀವು ಸ್ಯಾಂಪಲನ್ನು ಕರಗಿಸಿದ ದ್ರಾವಣದ ತಪ್ಪು.

ಹಸಿರು ಬೀಜವನ್ನು 70% ಮೆಥನಾಲ್‌ನಲ್ಲಿ ಎಕ್ಸ್‌ಟ್ರಾಕ್ಟ್ ಮಾಡುವುದು ರೂಢಿ. ಒಳ್ಳೆಯ ರೂಢಿಯೇ. ಆದರೆ ಅದನ್ನು ಹಾಗೇ 20 ಮೈಕ್ರೋಲೀಟರ್ ಇಂಜೆಕ್ಟ್ ಮಾಡಿದರೆ ಏನಾಗುತ್ತದೆ ನೋಡಿ. ಓಟದ ಆರಂಭದಲ್ಲಿ ಕಾಲಮ್ ಒಳಗೆ ಬರೀ 5% ಅಸಿಟೋನೈಟ್ರೈಲ್ ಇರುತ್ತದೆ. ಅಲ್ಲಿಗೆ ಮೆಥನಾಲ್ ತುಂಬಿದ ಒಂದು ತುಂಡು ನುಗ್ಗುತ್ತದೆ. ಅದರಲ್ಲಿರುವ ಅಣುಗಳು ಅಂಟಿಕೊಳ್ಳದೆ ಮೆಥನಾಲ್ ಜೊತೆಗೇ ಓಡುತ್ತವೆ. ಹಿಂದುಳಿದವು ಬೇರೆ ಗುಂಪಾಗಿ ಬರುತ್ತವೆ. ಪರೀಕ್ಷೆ ಸುಲಭ. ಅದೇ ಸ್ಯಾಂಪಲನ್ನು ಆಮ್ಲದ ನೀರಿನಲ್ಲಿ ಹತ್ತು ಪಟ್ಟು ಡೈಲ್ಯೂಟ್ ಮಾಡಿ ಮತ್ತೆ ಹಾಕಿ. ಪೀಕ್ ನೆಟ್ಟಗಾಯಿತು ಅಂದರೆ ಅದೇ ಕಾರಣ. ಇನ್ನು ಮುಂದೆ ಯಾವಾಗಲೂ ಡೈಲ್ಯೂಟ್ ಮಾಡಿಯೇ ಹಾಕಿ, ಅಥವಾ 5 ಮೈಕ್ರೋಲೀಟರ್‌ಗೆ ಇಳಿಸಿ.

ಡೈಲ್ಯೂಟ್ ಮಾಡುವುದಕ್ಕೆ ಇನ್ನೊಂದು ಲಾಭ ಇದೆ. ಕೆಫೀನ್ ಪೀಕ್‌ನ ತಲೆ ಚಪ್ಪಟೆಯಾಗಿ ಕಂಡರೆ ಡಿಟೆಕ್ಟರ್ ತನ್ನ ಮಿತಿ ದಾಟಿದೆ. ಆ ಪೀಕ್‌ನಿಂದ ತೆಗೆದ ಲೆಕ್ಕ ಕಮ್ಮಿಯೇ ಬರುತ್ತದೆ. ಸಾಕ್ಷಿಯೇ ಹೀಗೆ ಸುಳ್ಳು ಹೇಳಿದರೆ ಉಳಿದ ತನಿಖೆ ಎಲ್ಲ ದಿಕ್ಕು ತಪ್ಪುತ್ತದೆ.

ಸಾಕ್ಷಿಯ ಬೆನ್ನ ಹಿಂದೆ ಯಾರೋ ಇದ್ದಾರೆ

ಸಾಕ್ಷಿ ಕೆಡುವ ಇನ್ನೊಂದು ದಾರಿ, ಕೆಫೀನ್ ಮತ್ತು 4-ಸಿಕ್ಯೂಎ ಒಂದರ ಮೇಲೊಂದು ಬೀಳುವುದು. ಹಲವು ಸಿ18 ಕಾಲಮ್‌ಗಳಲ್ಲಿ ಇವೆರಡೂ ಅಕ್ಕಪಕ್ಕ ಬರುತ್ತವೆ. ಸ್ವಲ್ಪ ಉಷ್ಣತೆ ಬದಲಾದರೆ, ಕಾಲಮ್ ಹಳೆಯದಾದರೆ ಬೆರೆತುಹೋಗುತ್ತವೆ. ಕ್ಲೋರೋಜೆನಿಕ್ ಆಮ್ಲಗಳು 273ರಲ್ಲೂ ಬೆಳಕು ಹೀರುತ್ತವೆ. ಹಾಗಾಗಿ ಕೆಫೀನ್ ಲೆಕ್ಕ ಸದ್ದಿಲ್ಲದೆ ಜಾಸ್ತಿಯಾಗುತ್ತದೆ. ಪೀಕ್ ನೋಡಲು ಚೆನ್ನಾಗಿಯೇ ಇರುತ್ತದೆ, ಅದೇ ಅಪಾಯ.

ಹಿಡಿಯುವುದು ಹೀಗೆ. ಕೆಫೀನ್ 325 ನ್ಯಾನೋಮೀಟರ್‌ನಲ್ಲಿ ಕಾಣುವುದಿಲ್ಲ. ಆದ್ದರಿಂದ 325ರ ಗ್ರಾಫ್‌ನಲ್ಲಿ ಕೆಫೀನ್ ಬರುವ ಹೊತ್ತಿಗೆ ಬೇಸ್‌ಲೈನ್ ಬೋಳಾಗಿರಬೇಕು. ಅಲ್ಲೊಂದು ಗುಡ್ಡ ಎದ್ದಿದ್ದರೆ ಕೆಫೀನ್ ಕೆಳಗೆ ಯಾರೋ ಅಡಗಿದ್ದಾರೆ. ಡಯೋಡ್ ಅರೇ ಡಿಟೆಕ್ಟರ್ ಇದ್ದರೆ ಪೀಕ್‌ನ ಏರು ಕಡೆ ಒಂದು, ಇಳಿ ಕಡೆ ಒಂದು ಸ್ಪೆಕ್ಟ್ರಮ್ ತೆಗೆದು ಒಂದರ ಮೇಲೊಂದು ಇಟ್ಟು ನೋಡಿ, ಎರಡೂ ಹೊಂದದಿದ್ದರೆ ಬೆರಕೆ ಇದೆ. ಬೇರೆ ಮಾಡಲು ನಾನು ಮೊದಲು ಉಷ್ಣತೆ ಬದಲಿಸುತ್ತೇನೆ, 30ರಿಂದ 35, 40 ಹೀಗೆ. ಪಿಎಚ್ ಕೂಡ ಒಳ್ಳೆಯ ಹಿಡಿ. ಅದನ್ನು ತಿರುಗಿಸಿದರೆ ಕೆಫೀನ್ ನಿಂತಲ್ಲೇ ನಿಲ್ಲುತ್ತದೆ, 4-ಸಿಕ್ಯೂಎ ಮಾತ್ರ ಸರಿಯುತ್ತದೆ. ಮೇಲೆ ದೋಷ ಅಂತ ಬೈದದ್ದನ್ನೇ ಇಲ್ಲಿ ಉಪಯೋಗಕ್ಕೆ ತಗೊಳ್ಳಬಹುದು, ಅಲ್ವಾ?

ಲೆಕ್ಕ ತಪ್ಪಿದರೆ

ಹೆಚ್ಚು ತಲೆ ಕೆಡಿಸುವುದು ಇದೇ. ಪೀಕ್‌ಗಳು ಸುಂದರ, ಹೊತ್ತು ಸರಿ, ಅಂಕಿ ಮಾತ್ರ ಸುಳ್ಳು.

ಕೆಫೀನ್ ಮತ್ತು ಆಮ್ಲಗಳು ಎರಡೂ ಒಟ್ಟಿಗೆ ಇಳಿದಿದ್ದರೆ, ಅದೇ ವಯಲ್‌ನಿಂದ ಆರು ಸಲ ಇಂಜೆಕ್ಟ್ ಮಾಡಿ. ಆರರಲ್ಲಿ ಕೆಫೀನ್ ಏರಿಯಾ ಒಂದೆರಡು ಪರ್ಸೆಂಟ್‌ಗಿಂತ ಜಾಸ್ತಿ ಅತ್ತಿತ್ತ ಆದರೆ ಇಂಜೆಕ್ಟರ್ ಸರಿಯಿಲ್ಲ. ಸೂಜಿ ಕಟ್ಟಿದೆ, ಸಿರಿಂಜ್‌ನಲ್ಲಿ ಗುಳ್ಳೆ ಇದೆ, ಅಥವಾ ವಯಲ್‌ನಲ್ಲಿ ದ್ರಾವಣವೇ ತಳಮುಟ್ಟಿದೆ. ಆರೂ ಒಂದೇ ಥರ ಬಂದರೆ ಯಂತ್ರ ಸರಿ ಇದೆ, ಹಿಂದಕ್ಕೆ ಹೋಗಿ. ಎಕ್ಸ್‌ಟ್ರಾಕ್ಟ್ ಮಾಡಿ ಉಳಿದ ಗಸಿಯನ್ನು ಎಸೆಯದೆ ಇನ್ನೊಮ್ಮೆ ಎಕ್ಸ್‌ಟ್ರಾಕ್ಟ್ ಮಾಡಿ. ಎರಡನೇ ಸಲವೂ ದೊಡ್ಡ ಪೀಕ್ ಬಂದರೆ ಮೊದಲ ಸಲ ಪೂರ್ತಿ ಹಿಂಡಿಲ್ಲ. ಪುಡಿ ದಪ್ಪ ಇರಬಹುದು. ಹಸಿರು ಬೀಜ ಕಲ್ಲಿನ ಹಾಗೆ, ನುಣ್ಣಗೆ ಮಾಡುವುದು ಕಷ್ಟ. ದ್ರವ ಸಾರಜನಕದಲ್ಲಿ ಗಡುಸು ಮಾಡಿಕೊಂಡು ಅರೆದರೆ ಚೆನ್ನಾಗಿ ಪುಡಿಯಾಗುತ್ತದೆ, ಬಿಸಿಯೂ ಆಗುವುದಿಲ್ಲ.

ಕೆಫೀನ್ ಸರಿ ಇದೆ, 5-ಸಿಕ್ಯೂಎ ಮಾತ್ರ ಇಳಿದಿದೆ ಅಂದರೆ ಮುಂದಿನ ಪ್ರಶ್ನೆ ಒಂದೇ. ಮೂರೂ ಸಿಕ್ಯೂಎ ಕೂಡಿಸಿದರೆ ಮೊತ್ತ ಎಷ್ಟು?

ಮೊತ್ತ ಸರಿಯಾಗಿದ್ದು 5 ಇಳಿದು 3, 4 ಏರಿದ್ದರೆ ಏನೂ ಕಳೆದುಹೋಗಿಲ್ಲ. ಕೆಫಿಯೋಯಿಲ್ ಗುಂಪು ಒಂದು ಜಾಗದಿಂದ ಇನ್ನೊಂದಕ್ಕೆ ಜಿಗಿದಿದೆ. ಪಿಎಚ್ ಏರಿದಾಗ, ಅದರಲ್ಲೂ ಬಿಸಿ ಸೇರಿದಾಗ ಇದು ಜೋರಾಗಿ ನಡೆಯುತ್ತದೆ. ಹಸಿರು ಬೀಜದಲ್ಲಿ 5-ಸಿಕ್ಯೂಎ ಉಳಿದೆರಡಕ್ಕಿಂತ ತುಂಬಾ ಎತ್ತರ ಇರುತ್ತದೆ. ಹಸಿರು ಬೀಜದ ಸ್ಯಾಂಪಲ್‌ನಲ್ಲೇ ಮೂರೂ ಹೆಚ್ಚುಕಮ್ಮಿ ಸಮ ಕಂಡರೆ ಬೀಜವನ್ನಲ್ಲ, ನಿಮ್ಮ ಎಕ್ಸ್‌ಟ್ರಾಕ್ಷನನ್ನು ಅನುಮಾನಿಸಿ. ಹುರಿದ ಬೀಜದಲ್ಲಿ ಹಾಗೆ ಕಾಣುವುದು ಸಹಜ.

ಮೊತ್ತವೂ ಇಳಿದಿದ್ದರೆ ಆಮ್ಲ ನಿಜವಾಗಿಯೂ ಹೋಗಿದೆ. ನಾನು ಮೂರು ಕಡೆ ನೋಡುತ್ತೇನೆ. ಮೊದಲನೆಯದು ಬೀಜದೊಳಗಿನ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ. ಹಸಿರು ಪುಡಿಯನ್ನು ತಣ್ಣೀರಿನಲ್ಲಿ ನೆನೆಸಿಟ್ಟರೆ ಅದು ಎಚ್ಚೆತ್ತು ಆಮ್ಲವನ್ನು ತಿಂದುಹಾಕುತ್ತದೆ, ದ್ರಾವಣದ ಬಣ್ಣ ಕೆಡುತ್ತದೆ. ಬಿಸಿ ಮಾಡಿದ 70% ಮೆಥನಾಲ್ ಅದನ್ನು ನಿಲ್ಲಿಸುತ್ತದೆ.

ಎರಡನೆಯದು ಫಿಲ್ಟರ್. ನೈಲಾನ್ ಸಿರಿಂಜ್ ಫಿಲ್ಟರ್‌ಗೆ ಫಿನಾಲಿಕ್ ಆಮ್ಲಗಳು ಅಂಟಿಕೊಳ್ಳಬಹುದು. ಕೆಫೀನ್ ಸರಾಗವಾಗಿ ದಾಟುತ್ತದೆ, ಹಾಗಾಗಿ ಇದು ಬೇಗ ಹೊಳೆಯುವುದಿಲ್ಲ. ಒಂದು ಸ್ಟ್ಯಾಂಡರ್ಡನ್ನು ಫಿಲ್ಟರ್ ಮಾಡಿ ಒಮ್ಮೆ, ಮಾಡದೆ ಒಮ್ಮೆ ಹಾಕಿ ನೋಡಿ. ವ್ಯತ್ಯಾಸ ಬಂದರೆ ಬೇರೆ ಮೆಂಬ್ರೇನ್ ತಗೊಳ್ಳಿ, ಮೊದಲ ಒಂದು ಮಿಲಿಲೀಟರ್ ಚೆಲ್ಲಿಬಿಡಿ.

ಮೂರನೆಯದು ಎರವಲು ವಿಧಾನ. ಕೆಫೀನ್ ಅಳೆಯಲು ಐಎಸ್ಒ 20481 ಎಂಬ 2008ರ ಮಾನದಂಡ ಇದೆ. ಅದರಲ್ಲಿ ಮೆಗ್ನೀಷಿಯಮ್ ಆಕ್ಸೈಡ್ ಹಾಕಿ 90 ಡಿಗ್ರಿ ನೀರಿನಲ್ಲಿ ಎಕ್ಸ್‌ಟ್ರಾಕ್ಟ್ ಮಾಡುತ್ತಾರೆ. ಕೆಫೀನ್‌ಗೆ ಅದು ಚೊಕ್ಕ ವಿಧಾನ. ಆದರೆ ಮೆಗ್ನೀಷಿಯಮ್ ಆಕ್ಸೈಡ್ ಕ್ಷಾರ. ಬಿಸಿ, ಕ್ಷಾರ ಎರಡೂ ಸೇರಿದ ಮೇಲೆ ಕ್ಲೋರೋಜೆನಿಕ್ ಆಮ್ಲ ಎಲ್ಲಿ ಉಳಿಯುತ್ತೆ? ಒಂದೇ ಎಕ್ಸ್‌ಟ್ರಾಕ್ಟ್‌ನಲ್ಲಿ ಎರಡನ್ನೂ ಅಳೆದುಬಿಡೋಣ ಅನ್ನುವ ಆಸೆ ಇಲ್ಲಿ ನಡೆಯುವುದಿಲ್ಲ.

ಇನ್ನು ಆಮ್ಲದ ಅಂಕಿ ಏರಿದ್ದರೆ, ಕೆಫೀನ್ ಅಲ್ಲೇ ಇದ್ದರೆ, ನನ್ನ ಗುರುವಾರದ ಕಥೆ. ಸ್ಟ್ಯಾಂಡರ್ಡ್‌ನ ಗ್ರಾಫ್ ತೆಗೆದು ಕೆಳಭಾಗವನ್ನು ದೊಡ್ಡದು ಮಾಡಿ ನೋಡಿ. ಒಂದೇ ಪೀಕ್ ಇರಬೇಕಾದ ಕಡೆ ಅಕ್ಕಪಕ್ಕ ಮರಿಗಳು ಎದ್ದಿದ್ದರೆ ಅದನ್ನು ಚೆಲ್ಲಿ. ಹೊಸದನ್ನು ಸ್ವಲ್ಪ ಆಮ್ಲ ಹಾಕಿದ ಮೆಥನಾಲ್‌ನಲ್ಲಿ ಮಾಡಿ, ಕಂದು ಗಾಜಿನ ವಯಲ್‌ನಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ.

ಯಾವ ಪೀಕ್ ಯಾವುದು

ಬಾಟಲಿ ಮೇಲಿನ ಹೆಸರು ಕೂಡ ದಾರಿ ತಪ್ಪಿಸುತ್ತದೆ. ಕಾಫಿಯ ಮುಖ್ಯ ಆಮ್ಲವನ್ನು ಹಳೆಯ ಲೆಕ್ಕದಲ್ಲಿ 3-ಸಿಕ್ಯೂಎ ಅನ್ನುತ್ತಿದ್ದರು. ರಾಸಾಯನಿಕಗಳ ಹೆಸರಿಡುವ ನಿಯಮ ಮಾಡುವ ಸಂಸ್ಥೆ ಐಯುಪಿಎಸಿಯ 1976ರ ನಿಯಮದ ಪ್ರಕಾರ ಅದೇ 5-ಸಿಕ್ಯೂಎ. ಹಳೆಯ 5 ಈಗ 3. ಕೆಲವು ಕ್ಯಾಟಲಾಗ್‌ಗಳು ಈಗಲೂ ಹಳೆಯ ನಂಬರನ್ನೇ ಹಾಕುತ್ತವೆ. ನಿಮ್ಮ 3 ಮತ್ತು 5 ಬೇರೆಯವರ ಲೆಕ್ಕಕ್ಕೆ ತಲೆಕೆಳಗಾಗಿ ಕಂಡರೆ ಮೊದಲು ಇದನ್ನು ನೋಡಿ. ನಂಬರ್ ಬಿಟ್ಟು ಹೆಸರು ಹಿಡಿಯುವುದು ವಾಸಿ. ಕ್ಲೋರೋಜೆನಿಕ್ ಅಂದರೆ ಇಂದಿನ 5, ನಿಯೋಕ್ಲೋರೋಜೆನಿಕ್ ಅಂದರೆ 3, ಕ್ರಿಪ್ಟೋಕ್ಲೋರೋಜೆನಿಕ್ ಅಂದರೆ 4.

ಮೂರಕ್ಕೂ ಬೇರೆ ಬೇರೆ ಸ್ಟ್ಯಾಂಡರ್ಡ್ ಕೊಳ್ಳುವಷ್ಟು ದುಡ್ಡಿಲ್ಲದಿದ್ದರೆ ಒಂದು ಉಪಾಯ ಇದೆ. 5-ಸಿಕ್ಯೂಎ ದ್ರಾವಣಕ್ಕೆ ಅಮೋನಿಯಾ ಹಾಕಿ ಪಿಎಚ್ 8ಕ್ಕೆ ತನ್ನಿ. ಕುದಿಯುವ ನೀರಿನ ಸ್ನಾನದಲ್ಲಿ ಅರ್ಧ ಗಂಟೆ ಇಟ್ಟು ತಣಿಸಿ, ಆಮ್ಲ ಹಾಕಿ ಪಿಎಚ್ ಇಳಿಸಿ. ಈಗ ಒಂದೇ ವಯಲ್‌ನಲ್ಲಿ ಮೂರೂ ಇವೆ. ನನ್ನ ಎರಡು ದಿನ ಹಾಳು ಮಾಡಿದ ಬದಲಾವಣೆಯೇ ಇದು. ಈ ಸಲ ಬೇಕೆಂದೇ ಮಾಡಿಸಿದ್ದು. ಮೂರಕ್ಕೂ ಬೆಳಕು ಹೀರುವ ಭಾಗ ಒಂದೇ ಆಗಿರುವುದರಿಂದ, 3 ಮತ್ತು 4ರ ಪ್ರಮಾಣವನ್ನು 5ರ ಕ್ಯಾಲಿಬ್ರೇಷನ್‌ನಲ್ಲೇ ಲೆಕ್ಕ ಹಾಕಬಹುದು.

ಹುರಿದ ಕಾಫಿಯಲ್ಲಿ 325ರಲ್ಲಿ ಇನ್ನೂ ಕೆಲವು ಹೊಸ ಪೀಕ್‌ಗಳು ಸಿಕ್ಯೂಎಗಳ ಹಿಂದೆ ಬರುತ್ತವೆ. ಕೊಳೆ ಅಂದುಕೊಳ್ಳಬೇಡಿ. ಹುರಿಯುವಾಗ ಆಮ್ಲದಿಂದ ನೀರು ಹೋಗಿ ಆದ ಲ್ಯಾಕ್ಟೋನ್‌ಗಳಿರಬಹುದು. ಕೊಳೆಯೋ ಅಲ್ಲವೋ ಗೊತ್ತಾಗಲು ಬ್ಲಾಂಕ್ (ಕಾಫಿ ಇಲ್ಲದ ಬರೀ ದ್ರಾವಣ) ಓಡಿಸಿ. ಬ್ಲಾಂಕ್‌ನಲ್ಲೂ ಬಂದರೆ ಹಿಂದಿನ ಸ್ಯಾಂಪಲ್‌ನ ಪಳೆಯುಳಿಕೆ, ಸೂಜಿ ತೊಳೆಯುವ ದ್ರಾವಣದಲ್ಲಿ ಮೆಥನಾಲ್ ಜಾಸ್ತಿ ಮಾಡಿ.

ಟ್ರೈಗೊನೆಲಿನ್ ವಿಷಯಕ್ಕೆ ಮಾತ್ರ ಕೆಫೀನ್ ಸಾಕ್ಷಿ ಕೆಲಸಕ್ಕೆ ಬರುವುದಿಲ್ಲ. ಅದು ಸಿ18ಗೆ ಅಂಟುವುದೇ ಇಲ್ಲ. ಡೆಡ್ ಟೈಮ್ ಹತ್ತಿರ ಬೇರೆಲ್ಲದರ ಜೊತೆ ನುಗ್ಗಿ ಬರುತ್ತದೆ. ಎಷ್ಟು ತಿದ್ದಿದರೂ ಅಲ್ಲಿ ನಂಬುವಂಥ ಅಂಕಿ ಸಿಗುವುದು ಕಷ್ಟ. ನೀರಿಗೆ ಒಲಿಯುವ ವಸ್ತುಗಳನ್ನು ಹಿಡಿಯುವ ಹಿಲಿಕ್ ಕಾಲಮ್‌ಗೆ ಹೋಗುವುದೇ ಸರಿ. ಅಲ್ಲಿ ಸ್ಯಾಂಪಲ್ ಅಸಿಟೋನೈಟ್ರೈಲ್ ಜಾಸ್ತಿ ಇರುವ ದ್ರಾವಣದಲ್ಲಿರಬೇಕು, ಸಿ18ಗೆ ಪೂರ್ತಿ ಉಲ್ಟಾ.

ತಕ್ಕಡಿ ಮತ್ತು ಕ್ಯಾಲ್ಕುಲೇಟರ್

ಎಲ್ಲ ಸರಿ ಇದ್ದೂ ಅಂಕಿ ಪ್ರತಿ ಸಲ ಒಂದೇ ಪ್ರಮಾಣದಲ್ಲಿ ತಪ್ಪುತ್ತಿದ್ದರೆ ಲೇಬಲ್ ಓದಿ. ಟ್ರೈಗೊನೆಲಿನ್ ಸಾಮಾನ್ಯವಾಗಿ ಹೈಡ್ರೋಕ್ಲೋರೈಡ್ ಉಪ್ಪಾಗಿ ಸಿಗುತ್ತದೆ. ಆ ಉಪ್ಪಿನ ಅಣುತೂಕ 173.6, ಟ್ರೈಗೊನೆಲಿನ್‌ನದು 137.14. ತೂಗಿದ್ದರಲ್ಲಿ ಶೇಕಡಾ 79 ಮಾತ್ರ ನಿಜವಾದದ್ದು. ಕ್ಲೋರೋಜೆನಿಕ್ ಆಮ್ಲ ಅರ್ಧ ಅಣು ನೀರಿನ ಜೊತೆ ಬಂದಿದ್ದರೆ ಎರಡೂವರೆ ಪರ್ಸೆಂಟ್ ಕಳೆಯಬೇಕು.

ತೇವಾಂಶ ಮರೆಯುವುದು ಇನ್ನೂ ದೊಡ್ಡ ತಪ್ಪು. ಹಸಿರು ಬೀಜದಲ್ಲಿ ಸುಮಾರು 10ರಿಂದ 12% ನೀರು ಇರುತ್ತದೆ, ಹುರಿದದ್ದರಲ್ಲಿ ತೀರಾ ಕಮ್ಮಿ. ಒಣತೂಕಕ್ಕೆ ತರದೆ ಎರಡನ್ನೂ ಹೋಲಿಸಿದರೆ ಹುರಿದಾಗ ಕೆಫೀನ್ ಹೆಚ್ಚಾಯಿತು ಅನ್ನುವ ಉತ್ತರ ಬರುತ್ತದೆ. ಕೆಫೀನ್ ಹುಟ್ಟಿಕೊಂಡಿಲ್ಲ, ಸುತ್ತಲಿನ ತೂಕ ಇಳಿದಿದೆ. ಒಣತೂಕಕ್ಕೆ ತಂದ ಮೇಲೂ ಈ ಏರಿಕೆ ಸ್ವಲ್ಪ ಉಳಿಯುತ್ತದೆ. ಹುರಿಯುವಾಗ ನೀರಿನ ಜೊತೆ ಬೇರೆ ವಸ್ತುಗಳೂ ಆವಿಯಾಗಿ ಹೋಗಿರುತ್ತವೆ. ಅದಕ್ಕೇ ಹಸಿರು ಮತ್ತು ಹುರಿದ ಬೀಜ ಹೋಲಿಸುವಾಗ ನಾನು ಪರ್ಸೆಂಟ್ ಜೊತೆಗೆ ಇನ್ನೊಂದು ಕಾಲಂ ಬರೆಯುತ್ತೇನೆ: ಒಂದು ಮಿಲಿಗ್ರಾಂ ಕೆಫೀನ್‌ಗೆ ಎಷ್ಟು ಮಿಲಿಗ್ರಾಂ ಒಟ್ಟು ಸಿಕ್ಯೂಎ.